ಜೊತೆಗೆ ಹೋದವಳ ಕಣ್ಣು

ಕನ್ನಡಕ ಬಿಟ್ಟೇಬಿಡಬೇಕು ಎಂದು ಹಟ ಹಿಡಿದಿದ್ದವಳು ನನ್ನ ತಂಗಿ, ನಾನಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ಈಗ ನಮ್ಮಿಬ್ಬರನ್ನು ಒಟ್ಟಿಗೆ ನೋಡಿದವರು ಅದನ್ನು ತಿರುವುಮುರುವು ಮಾಡಿಕೊಳ್ಳುತ್ತಾರೆ.

ನಾವಿಬ್ಬರೂ ಬಸವೇಶ್ವರನಗರದಲ್ಲಿ ಬೆಳೆದವರು. ನನಗೆ ಮೂರನೇ ಕ್ಲಾಸಿನಲ್ಲಿ ಕನ್ನಡಕ ಬಂತು, ಅವಳಿಗೆ ಒಂದನೇ ಕ್ಲಾಸಿನಲ್ಲೇ. ಇದಕ್ಕೆ ಅಮ್ಮ ಟಿವಿಯನ್ನು ದೂರಿದರು, ಅಪ್ಪ ನಾವು ತಟ್ಟೆಯಂಚಿಗೆ ತಳ್ಳುತ್ತಿದ್ದ ಕ್ಯಾರೆಟ್ಟನ್ನು ದೂರಿದರು. ಯಾರನ್ನು ದೂರಿದರೂ ಪವರ್ ಮಾತ್ರ ವರ್ಷವರ್ಷವೂ ಏರುತ್ತಾ ಹೋಯಿತು. ಬೆಳಿಗ್ಗೆ ಎದ್ದು, ಒಬ್ಬರ ಕನ್ನಡಕ ಇನ್ನೊಬ್ಬರು ಹಾಕಿಕೊಂಡು, ಬಚ್ಚಲಿನ ಬಾಗಿಲು ಎಲ್ಲಿದೆಯೋ ಅದಕ್ಕಿಂತ ಒಂದು ಗೇಣು ಆಚೆ ಕೈಹಾಕುವುದು ನಮ್ಮ ಮನೆಯಲ್ಲಿ ದಿನದ ಮಾತಾಗಿತ್ತು.

ನಾನು ಮದುವೆಯಾಗಿ ಶ್ರೀಗಂಧದ ಕಾವಲಿಗೆ ಬಂದೆ. ವಿಜಯನಗರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ತಂಗಿ ಅಪ್ಪ ಅಮ್ಮನ ಜೊತೆಗೇ ಇದ್ದುಕೊಂಡು ಜನರ ಮನೆಗಳಿಗೆ ಅಡುಗೆಮನೆ, ವಾರ್ಡ್‌ರೋಬ್ ವಿನ್ಯಾಸ ಮಾಡಿಕೊಡುವ ಕಂಪನಿಯೊಂದರಲ್ಲಿ ಕೆಲಸ ಮಾಡುತ್ತಾಳೆ. ಅವಳಿಗೆ ಕನ್ನಡಕದ ಮೇಲೆ ನಿಜವಾದ ಸಿಟ್ಟು ಬಂದದ್ದು ಈಜು ಕಲಿಯಲು ಸೇರಿದ ಮೇಲೆ. ಕೊಳಕ್ಕೆ ಇಳಿಯುವಾಗ ಕನ್ನಡಕ ತೆಗೆದಿಟ್ಟರೆ ಅವಳಿಗೆ ನೀರಿನ ಮೇಲಿರುವ ತಲೆಗಳೆಲ್ಲ ಒಂದೇ. ಒಂದು ದಿನ ಕೋಚ್ ಎಂದುಕೊಂಡು ಒಬ್ಬರ ಹತ್ತಿರ ಹೋಗಿ, "ಸಾರ್, ಎಷ್ಟ್ ಕಾಲ್ ಬಡಿದ್ರೂ ಮುಂದಕ್ಕೇ ಹೋಗ್ತಿಲ್ಲ ಸಾರ್, ನೀವು ಸರಿಯಾಗಿ ನೋಡ್ತಾನೇ ಇಲ್ಲ ನನ್ನ" ಎಂದು ಉದ್ದಕ್ಕೂ ದೂರು ಹೇಳಿದಳಂತೆ. ಆತ ಎಲ್ಲವನ್ನೂ ಕೇಳಿಸಿಕೊಂಡು, "ನಂದೂ ಅದೇ ಪ್ರಾಬ್ಲಮ್ಮು ಕಣಮ್ಮ. ನಾನೂ ಹೋದ್ ವಾರಾನೇ ಸೇರಿದ್ದು" ಅಂದನಂತೆ.

ಅವತ್ತೇ ಅವಳು ನನಗೆ ಫೋನ್ ಮಾಡಿ, "ಲೇಸರ್ ಮಾಡಿಸ್ಕೊಳ್ತೀನಿ ಕಣೇ, ಸಾಕಾಯ್ತು" ಅಂದಳು.

ನಾನು ಬೇಡವೆಂದೆ. ಬೇಡವೆನ್ನಲು ನನ್ನ ಬಳಿ ಬೇಕಾದಷ್ಟು ಕಾರಣಗಳಿದ್ದವು. ಕಣ್ಣು ಒಣಗುತ್ತದಂತೆ, ರಾತ್ರಿ ದೀಪಗಳ ಸುತ್ತ ಬಳೆ ಕಾಣುತ್ತದಂತೆ, ಯಾರಿಗೋ ಮತ್ತೆ ಪವರ್ ಬಂತಂತೆ. ನಿಜ ಹೇಳಬೇಕೆಂದರೆ ನನ್ನ ಕಣ್ಣಿನ ಹತ್ತಿರ ಯಾರ ಬೆರಳು ಬಂದರೂ ನನಗೆ ಆಗದು. ಪ್ರತಿ ವರ್ಷ ಬೋರ್ಡಿನ ಮೇಲೆ ಕಣ್ಣಿನ ಚಿತ್ರ ಬರೆದು, ಬಾಣದ ಗುರುತು ಹಾಕಿ, ಇದು ಕಾರ್ನಿಯಾ, ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆ ಎಂದು ಮಕ್ಕಳಿಗೆ ಸರಾಗವಾಗಿ ಹೇಳುತ್ತೇನೆ. ಆದರೆ ನನ್ನದೇ ಕಣ್ಣಿಗೆ ಔಷಧಿ ಬಿಡಬೇಕೆಂದರೆ ಗಂಡ ಒಂದು ಕೈಯಲ್ಲಿ ನನ್ನ ಹಣೆ ಒತ್ತಿ ಹಿಡಿಯಬೇಕು.

ತಂಗಿ ನನ್ನ ಮಾತು ಕೇಳುವವಳಲ್ಲ. ಆಸ್ಪತ್ರೆಯವರು ಹೇಳಿದ ಹಾಗೆ ಮದುವೆ ಮುಂಜಿಗೆ ಮಾತ್ರ ಹಾಕುತ್ತಿದ್ದ ಕಾಂಟ್ಯಾಕ್ಟ್ ಲೆನ್ಸನ್ನೂ ತಪಾಸಣೆಗೆ ಎರಡು ವಾರ ಮುಂಚೆಯೇ ನಿಲ್ಲಿಸಿದಳು, ಆಫೀಸಿನಲ್ಲಿ ರಜೆ ಕೇಳಿದಳು, ಸಿಕ್ಕಿದವರಿಗೆಲ್ಲ ಹೇಳಿಕೊಂಡು ಬಂದಳು. ತಪಾಸಣೆಯ ದಿನ ಕಣ್ಣಿಗೆ ಡ್ರಾಪ್ಸ್ ಬಿಡುತ್ತಾರೆ, ಆಮೇಲೆ ಸ್ಕೂಟರ್ ಓಡಿಸುವ ಹಾಗಿಲ್ಲ. ಹಾಗಾಗಿ ಜೊತೆಗೊಬ್ಬರು ಬೇಕಿತ್ತು.

"ನೀನೇ ಬಾ ಅಕ್ಕ. ಅಮ್ಮ ಬಂದ್ರೆ ಡಾಕ್ಟ್ರಿಗೇ ಬುದ್ಧಿ ಹೇಳ್ತಾರೆ."

ಒಂದು ಶನಿವಾರ ನಮ್ಮ ಶಾಲೆ ಮುಗಿದ ಮೇಲೆ ಇಬ್ಬರೂ ರಾಜಾಜಿನಗರದ ಕಣ್ಣಿನ ಆಸ್ಪತ್ರೆಯೊಂದಕ್ಕೆ ಹೋದೆವು. ಒಳಗೆ ಕೂತಿದ್ದವರಲ್ಲಿ ಅರ್ಧ ಜನ ಕಪ್ಪು ಕನ್ನಡಕ ಹಾಕಿಕೊಂಡು, ಹೊರಗಿನ ಬಿಸಿಲಿಗೆ ಬೆನ್ನು ಹಾಕಿ, ಯಾವುದೋ ದೊಡ್ಡ ಮದುವೆಯ ಅಂಗರಕ್ಷಕರ ಹಾಗೆ ಗಂಭೀರವಾಗಿದ್ದರು. ಕೌಂಟರಿನ ಹುಡುಗಿ ನನ್ನ ದಪ್ಪ ಗಾಜು ನೋಡಿ, "ಮೇಡಂ, ನಿಮ್ದೂ ಚೆಕಪ್ಪಾ?" ಅಂದಳು.

"ಅಯ್ಯೋ ಇಲ್ಲ, ನಾನು ಜೊತೆಗೆ ಬಂದಿರೋದು."

"ಅವಳದ್ದೂ ಬರ್ಕೊಳಿ," ಅಂದಳು ತಂಗಿ. "ಸುಮ್ನೆ ಕೂತ್ರೆ ಅಲ್ಲಿರೋರ್ನೆಲ್ಲ ಹೆದರಿಸ್ತಾಳೆ."

ನಾನು ಕಾಂಟ್ಯಾಕ್ಟ್ ಲೆನ್ಸ್ ಹಾಕುವವಳೇ ಅಲ್ಲವಾದ್ದರಿಂದ ಅವತ್ತೇ ಪರೀಕ್ಷೆ ಮಾಡಬಹುದು ಅಂದರು. ಆಯಿತು, ನೋಡಿಸಿ ಎಷ್ಟೋ ದಿನವಾಗಿದೆ, ಪವರ್ ಆದರೂ ಗೊತ್ತಾಗಲಿ ಎಂದು ಒಪ್ಪಿಕೊಂಡೆ. ಒಂದಾದ ಮೇಲೊಂದು ಯಂತ್ರದ ಮುಂದೆ ಗದ್ದ ಊರಿಸಿ ಕೂತೆವು. ಒಂದರಲ್ಲಿ ಉದ್ದನೆಯ ರಸ್ತೆಯ ತುದಿಗೆ ಬಣ್ಣದ ಬಲೂನು, ಇನ್ನೊಂದರಲ್ಲಿ ಒಂದರೊಳಗೊಂದು ಉಂಗುರ. ತಂಗಿ ಪ್ರತಿ ಯಂತ್ರದಿಂದ ಎದ್ದು ಬರುವಾಗಲೂ ಪರೀಕ್ಷೆ ಚೆನ್ನಾಗಿ ಬರೆದವಳ ಮುಖ ಮಾಡಿಕೊಂಡು ಬರುತ್ತಿದ್ದಳು. ಕೊನೆಗೆ ಇಬ್ಬರಿಗೂ ಡ್ರಾಪ್ಸ್ ಬಿಟ್ಟರು, ನನಗೆ ಬಿಡುವಾಗ ನರ್ಸ್ ಇನ್ನೊಬ್ಬರನ್ನು ಸಹಾಯಕ್ಕೆ ಕರೆಯಬೇಕಾಯಿತು.

ಡಾಕ್ಟರ್ ನನ್ನ ವಯಸ್ಸಿನ ಹೆಂಗಸು. ಕಂಪ್ಯೂಟರಿನಲ್ಲಿ ತಂಗಿಯ ಕಣ್ಣಿನ ನಕ್ಷೆ ತೆಗೆದು, ಬಣ್ಣಬಣ್ಣದ ಆ ಚಿತ್ರವನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ನೇರವಾಗಿ ಹೇಳಿದರು.

"ನಿಮ್ಮ ಕಾರ್ನಿಯಾ ತೆಳು ಇದೆ. ಲೇಸರ್ ಅಂದ್ರೆ ಅದನ್ನ ಇನ್ನೂ ಸ್ವಲ್ಪ ಸವೆಸೋದು. ನಿಮ್ಮದ್ರಲ್ಲಿ ಸವೆಸೋಕೆ ಜಾಗ ಇಲ್ಲ. ನಾನು ಮಾಡಲ್ಲ. ಬೇರೆ ಎಲ್ಲಾದ್ರೂ ಮಾಡ್ತೀವಿ ಅಂದ್ರೂ ಮಾಡಿಸ್ಕೋಬೇಡಿ."

ಕಣ್ಣಿನ ಒಳಗೇ ಲೆನ್ಸ್ ಕೂರಿಸುವ ಬೇರೆ ದಾರಿ ಇದೆ, ನಿಧಾನವಾಗಿ ಯೋಚಿಸಬಹುದು ಎಂದೂ ಹೇಳಿದರು. "ಒಳಗಾ? ಬೇಡ ಡಾಕ್ಟ್ರೇ," ಅಂದಳು ತಂಗಿ, ಅವಳದಲ್ಲದ ಸಣ್ಣ ದನಿಯಲ್ಲಿ. ಡಾಕ್ಟರ್ ನನ್ನ ನಕ್ಷೆ ತೆಗೆದರು.

"ನಿಮ್ದು ಚೆನ್ನಾಗಿದೆ. ದಪ್ಪ ಇದೆ, ಎಲ್ಲಾ ಕಡೆ ಸಮ ಇದೆ. ನಿಮ್ಗೆ ಆರಾಮಾಗಿ ಮಾಡಬಹುದು."

ನನಗೆ ಅಲ್ಲಿಂದ ಎದ್ದು ಓಡಬೇಕೆನಿಸಿತು. ಪಂಕ್ತಿಯಲ್ಲಿ ಪಕ್ಕದವಳ ಎಲೆಗೆ ಬಡಿಸಬೇಕಾದ್ದನ್ನು ಕೈತಪ್ಪಿ ನನ್ನ ಎಲೆಗೆ ಸುರಿದ ಹಾಗಾಗಿತ್ತು.

ಹೊರಗೆ ಬಂದು ಹತ್ತಿರದ ದರ್ಶಿನಿಗೆ ಹೋದೆವು. ಡ್ರಾಪ್ಸಿನ ದೆಸೆಯಿಂದ ಇಬ್ಬರಿಗೂ ಅಕ್ಷರವೆಲ್ಲ ಮಸುಕು. ಆಸ್ಪತ್ರೆಯವರು ಕೊಟ್ಟಿದ್ದ ಕಪ್ಪು ಕನ್ನಡಕವನ್ನು ನಮ್ಮ ಕನ್ನಡಕದ ಮೇಲೇ ಸಿಕ್ಕಿಸಿಕೊಂಡು ಗೋಡೆಯ ಮೇಲಿನ ಪಟ್ಟಿಯನ್ನು ಮೂಸಿ ನೋಡುವವರ ಹಾಗೆ ನಿಂತಿದ್ದೆವು. ಕ್ಯಾಷಿನವರು, "ಆಂಟಿ, ಏನ್ ಬೇಕು ಹೇಳಿ, ನಾನೇ ಓದ್ತೀನಿ" ಅಂದರು. ತಂಗಿ ಜೋರಾಗಿ ನಕ್ಕಳು. ನಗುತ್ತಲೇ ಹೋಗಿ ಮೇಜಿನ ಮುಂದೆ ನಿಂತು, ದೋಸೆಯ ಮೊದಲ ತುಂಡು ಮುರಿದು, ಅದನ್ನು ಬಾಯಿಗಿಡದೆ ಚಟ್ನಿಯಲ್ಲಿ ಆಡಿಸತೊಡಗಿದಳು.

"ಎಲ್ರಿಗೂ ಹೇಳ್ಬಿಟ್ಟಿದೀನಲ್ಲೇ," ಅಂದಳು.

ನನ್ನ ವಡೆಯನ್ನು ಅವಳ ತಟ್ಟೆಗೆ ಹಾಕಿದೆ. ಅವಳು ಅದನ್ನು ತಿಂದಳು. ತಿಂದು ಮುಗಿಸಿ, "ನೀನ್ ಮಾಡಿಸ್ಕೋ" ಅಂದಳು.

"ನಂಗೆ ಬೇಡ್ವೇ ಬೇಡ."

"ನಿಜ ಹೇಳು, ಬೇಡ್ವಾ?"

ಬೇಡ ಎಂದು ಮತ್ತೆ ಹೇಳಲು ಬಾಯಿ ತೆರೆದೆ. ಆದರೆ ಅಷ್ಟರಲ್ಲಿ ಒಳಗೆ ಎಲ್ಲೋ, ಮಾಡಬಹುದು ಎಂದಿದ್ದಾರಲ್ಲ ಎಂಬ ಆಸೆ ಮೆಲ್ಲಗೆ ತಲೆ ಎತ್ತಿತ್ತು. ನಾನು ಕಾಫಿ ತರುವ ನೆಪ ಮಾಡಿ ಅಲ್ಲಿಂದ ಸರಿದೆ.

ಆಮೇಲಿನ ಕೆಲವು ವಾರ ನಾನು ಒಂದು ನಿಲುವಿನಲ್ಲಿ ನಿಂತವಳಲ್ಲ. ಬೆಳಿಗ್ಗೆ ಕುಕ್ಕರಿನ ಆವಿಗೆ ಗಾಜು ಮಂಜಾದಾಗ ಮಾಡಿಸಿಕೊಳ್ಳಬೇಕು ಅನಿಸುತ್ತಿತ್ತು. ಮಳೆಯಲ್ಲಿ ಮಾಗಡಿ ರಸ್ತೆ ದಾಟುವಾಗ ಇವತ್ತೇ ಮಾಡಿಸಿಕೊಳ್ಳಬೇಕು ಅನಿಸುತ್ತಿತ್ತು. ಫೋನಿನಲ್ಲಿ ಶಸ್ತ್ರಚಿಕಿತ್ಸೆಯ ವಿಡಿಯೋ ಒಂದನ್ನು ಅರ್ಧ ನೋಡಿದ ಮೇಲೆ ಈ ಜನ್ಮದಲ್ಲಿ ಬೇಡ ಅನಿಸುತ್ತಿತ್ತು. ಗಂಡನನ್ನು ಕೇಳಿದೆ. ಅವರು ನನ್ನ ಮುಖದಿಂದ ಕನ್ನಡಕ ತೆಗೆದು, ಹಿಂದೆ ಸರಿದು ನೋಡಿ, "ಈಗಷ್ಟೇ ಎದ್ದೋಳ ಥರ ಕಾಣ್ತೀಯ. ಇಡೀ ದಿನ ಹಿಂಗೇ ಇರುತ್ತಾ?" ಅಂದರು. ಅಪ್ಪನಿಗೆ ಆಗಲೇ ಪೊರೆಯ ಆಪರೇಷನ್ ಆಗಿತ್ತು, ಆ ಒಂದು ಅನುಭವದಿಂದ ಅವರು ಎಲ್ಲ ಕಣ್ಣುಗಳ ವಿಷಯದಲ್ಲೂ ಧೈರ್ಯವಂತರಾಗಿದ್ದರು. "ಏನೂ ಆಗಲ್ಲ, ಹೋಗಿ ಮಲಗು, ಎದ್ದು ಬಾ" ಅಂದರು.

ಅಮ್ಮ ಮಾತ್ರ ದನಿ ತಗ್ಗಿಸಿದರು. "ಆಸೆಪಟ್ಟಿದ್ದು ಅವಳು. ಅವಳ ಮುಂದೆ ನೀನು ಮಾಡಿಸ್ಕೊಂಡು ಓಡಾಡಿದ್ರೆ ಅವಳಿಗೆ ಹೆಂಗಾಗ್ಬೇಡ? ಬಿಟ್ಬಿಡು."

ಈ ಮಾತು ಕೇಳಿ ನನಗೆ ದೊಡ್ಡ ನೆಮ್ಮದಿಯಾಯಿತು. ಎಷ್ಟು ನೆಮ್ಮದಿಯೆಂದರೆ, ಮುಂದಿನ ಭಾನುವಾರವೇ ಬಸವೇಶ್ವರನಗರಕ್ಕೆ ಹೋಗಿ, ಮಹಡಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದ ತಂಗಿಗೆ, "ಬಿಟ್ಬಿಟ್ಟೆ ಕಣೇ. ನಿಂಗಿಲ್ದೇ ಇರೋದು ನಂಗೂ ಬೇಡ" ಎಂದು ತುಂಬಾ ಮೃದುವಾಗಿ ಹೇಳಿದೆ.

ಅವಳು ಕೈಲಿದ್ದ ಒದ್ದೆ ಟವೆಲನ್ನು ಬಕೆಟ್ಟಿಗೆ ಎಸೆದಳು.

"ಹೆದರಿಕೆ ಆದ್ರೆ ಹೆದರಿಕೆ ಅಂತ ಹೇಳು. ನನ್ ಹೆಸರು ಹೇಳ್ಕೊಂಡು ಹೆದರ್ಕೋಬೇಡ."

"ಅದಲ್ಲ ಕಣೇ, ಅಮ್ಮ..."

"ಅಮ್ಮಂಗೆ ಏನ್ ಗೊತ್ತು? ನಂಗೆ ಬೇಜಾರಾಗಿದೆ, ಹೌದು. ನೀನ್ ಮಾಡಿಸ್ಕೊಂಡ್ರೂ ಬೇಜಾರಾಗುತ್ತೆ. ಮಾಡಿಸ್ಕೊಳ್ದೇ ಇದ್ರೆ ನನ್ ಕಣ್ಣೇನು ದಪ್ಪ ಆಗುತ್ತಾ? ಆಮೇಲೆ ಬದುಕಿರೋವರ್ಗೂ ನಿನ್ ತ್ಯಾಗದ ಕಥೆ ನಾನ್ ಕೇಳ್ಬೇಕು. ಆಗಲ್ಲಮ್ಮ ನನ್ ಕೈಲಿ."

ನಾನು ಬಕೆಟ್ಟಿನಿಂದ ಟವೆಲ್ ತೆಗೆದು ಹಿಂಡಿ ತಂತಿಯ ಮೇಲೆ ಹಾಕಿದೆ. ಅವಳು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಟವೆಲಿಗೆ ಕ್ಲಿಪ್ ಸಿಕ್ಕಿಸುತ್ತಾ, "ಹೌದು, ಹೆದರಿಕೆ. ಕಣ್ಣು ತೆರೆದಿಡೋಕೆ ಕ್ಲಿಪ್ ಹಾಕ್ತಾರಂತೆ" ಅಂದೆ.

"ಹಾಕ್ಲಿ. ನೀನು ಕಣ್ ಮುಚ್ಕೊಂಡ್ರೆ ಅವ್ರೇನು ರೆಪ್ಪೆ ಮೇಲೆ ಮಾಡ್ಬೇಕಾ?"

ಇಬ್ಬರೂ ನಕ್ಕೆವು.

ಆಮೇಲೆ ನಾನೊಬ್ಬಳೇ ಹೋಗಿ ಡಾಕ್ಟರನ್ನು ಕಂಡೆ. ಈ ಸಲ ಕೇಳಬೇಕಾದದ್ದನ್ನೆಲ್ಲ ಕೇಳಿದೆ. ಅವರು ಯಾವುದನ್ನೂ ಬಣ್ಣ ಹಚ್ಚಿ ಹೇಳಲಿಲ್ಲ. ಕೆಲವು ತಿಂಗಳು ಕಣ್ಣು ಒಣಗಬಹುದು, ಡ್ರಾಪ್ಸ್ ಬಿಟ್ಟುಕೊಳ್ಳಬೇಕು. ರಾತ್ರಿ ದೀಪಗಳು ಸ್ವಲ್ಪ ಚದುರಿದ ಹಾಗೆ ಕಾಣಬಹುದು. ನಲವತ್ತು ದಾಟಿದ ಮೇಲೆ ಓದಲು ಎಲ್ಲರ ಹಾಗೆ ನನಗೂ ಕನ್ನಡಕ ಬರುತ್ತದೆ, ಅದನ್ನು ಲೇಸರ್ ತಪ್ಪಿಸುವುದಿಲ್ಲ. ನಲವತ್ತಕ್ಕೆ ನಾನೇನೂ ಬಹಳ ದೂರವಿರಲಿಲ್ಲ. "ಅಂದ್ರೆ ನಾಕು ವರ್ಷದ ರಜಾನಾ ಡಾಕ್ಟ್ರೇ?" ಅಂದೆ. "ಓದೋಕೆ ಮಾತ್ರ ಬರುತ್ತೆ. ರಸ್ತೆ, ಬಸ್ಸು, ಮಕ್ಕಳ ಮುಖ, ಅದೆಲ್ಲಾ ನಿಮ್ದೇ," ಅಂದರು. ನಾನು ಅಲ್ಲೇ ಒಪ್ಪಿಕೊಂಡೆ.

ಲೇಸರ್ ಮಾಡಿಸುವ ದಿನ ಜೊತೆಗೆ ಬಂದವಳು ತಂಗಿ. ಒಳಗೆ ಕಳಿಸುವ ಮುಂಚೆ ಅವಳು ನನ್ನ ಕನ್ನಡಕ ತೆಗೆದುಕೊಂಡು ತನ್ನ ಬ್ಯಾಗಿಗೆ ಹಾಕಿಕೊಂಡಳು. ಮಲಗಿಸಿದರು, ಮರಗಟ್ಟಿಸುವ ಡ್ರಾಪ್ಸ್ ಬಿಟ್ಟರು, ಕ್ಲಿಪ್ಪೂ ಹಾಕಿದರು. ಕ್ಲಿಪ್ ಹಾಕಿದ್ದು ಗೊತ್ತಾಯಿತು, ನೋವಾಗಲಿಲ್ಲ. "ಹಸಿರು ದೀಪ ನೋಡ್ತಾ ಇರಿ" ಅಂದರು. ನಾನು ಆ ದೀಪವನ್ನು, ಬಸ್ಸಿಗೆ ಕಾಯುವವರು ರಸ್ತೆಯ ತಿರುವನ್ನು ನೋಡುವ ಹಾಗೆ ನೋಡಿದೆ. ಕೂದಲು ಸುಟ್ಟಂಥ ಒಂದು ವಾಸನೆ ಬಂತು. ಇನ್ನು ಯಾವಾಗ ಶುರು ಮಾಡುತ್ತಾರೋ ಎಂದುಕೊಳ್ಳುವಷ್ಟರಲ್ಲಿ ಎರಡನೇ ಕಣ್ಣೂ ಮುಗಿದಿತ್ತು. ಹೊರಗೆ ಬಂದಾಗ ಎಲ್ಲವೂ ನೀರಿನೊಳಗಿನಿಂದ ಕಂಡ ಹಾಗಿತ್ತು. ಆಟೋದಲ್ಲಿ ಕೂತು ತವರಿಗೆ ಹೋಗುವಾಗ ಕಣ್ಣು ಈರುಳ್ಳಿ ಹೆಚ್ಚಿದ ಹಾಗೆ ಉರಿದು, ನೀರು ಸುರಿಯತೊಡಗಿತು. ಡ್ರೈವರ್ ಕನ್ನಡಿಯಲ್ಲಿ ನೋಡಿ, "ಅಳ್ಬೇಡಿ ಮೇಡಂ, ಎಲ್ಲಾ ಸರಿ ಹೋಗುತ್ತೆ" ಅಂದ. "ಸರಿ ಹೋಗಿದ್ದಕ್ಕೇ ಅಣ್ಣ ಈ ಅಳು," ಅಂದಳು ತಂಗಿ.

ಅಮ್ಮ ಅವತ್ತು ಒಗ್ಗರಣೆಯನ್ನೇ ಹಾಕಲಿಲ್ಲ, ಘಾಟು ನನ್ನ ಕಣ್ಣಿಗೆ ತಾಗೀತೆಂದು. ಸಪ್ಪೆ ಸಾರು ಅನ್ನ ಉಂಡು, ನಾವು ಮೊದಲು ಮಲಗುತ್ತಿದ್ದ ಕೋಣೆಯಲ್ಲೇ ತಂಗಿಯ ಪಕ್ಕ ಮಲಗಿದೆ.

ಬೆಳಿಗ್ಗೆ ಎಚ್ಚರವಾದಾಗ ಅಭ್ಯಾಸದಂತೆ ಕೈ ದಿಂಬಿನ ಪಕ್ಕ ತಡವರಿಸಿತು. ಆಮೇಲೆ ಫ್ಯಾನಿನ ರೆಕ್ಕೆಯ ಅಂಚಿನ ಧೂಳು ಕಂಡಿತು. ಕಿಟಕಿಯ ಸರಳು, ಪಕ್ಕದ ಮನೆಯ ನೀರಿನ ಟ್ಯಾಂಕ್, ಅದರ ಮೇಲೆ ಕೂತ ಕಾಗೆ, ಕಾಗೆಯ ಕೊಕ್ಕು, ಎಲ್ಲವೂ ಕಂಡವು. ತಿರುಗಿ ನೋಡಿದರೆ ತಂಗಿ ಬಾಯಿ ಅರ್ಧ ತೆರೆದು ಮಲಗಿದ್ದಳು. ಅಷ್ಟು ವರ್ಷ ಒಂದೇ ಕೋಣೆಯಲ್ಲಿ ಮಲಗಿದ್ದೆವು. ಆದರೆ ಅವಳು ಕನ್ನಡಕ ತೆಗೆಯುವ ಹೊತ್ತಿಗೆ ನಾನೂ ತೆಗೆದಿರುತ್ತಿದ್ದೆ. ನಿದ್ದೆಯಲ್ಲಿ ಅವಳ ಮುಖ ಇಷ್ಟು ಸ್ಪಷ್ಟವಾಗಿ ನಾನು ಕಂಡದ್ದು ಅದೇ ಮೊದಲು. ಮೂಗಿನ ಎರಡೂ ಬದಿ ಕನ್ನಡಕ ಒತ್ತಿ ಒತ್ತಿ ಆದ ನಸುಗಪ್ಪು ಗುರುತು, ಹುಬ್ಬಿನ ಒಳಗೊಂದು ಸಣ್ಣ ಮಚ್ಚೆ. ನೋಡುತ್ತಾ ಎಷ್ಟು ಹೊತ್ತು ಹಾಗೇ ಇದ್ದೆನೋ, ಅವಳು ಕಣ್ಣು ಕಿರಿದು ಮಾಡಿ ನನ್ನತ್ತ ನೋಡಿದಳು.

"ಕಾಣ್ತಿದ್ಯಾ?"

"ಕಾಣ್ತಿದೆ. ನಿನ್ ಹುಬ್ಬಲ್ಲಿ ಮಚ್ಚೆ ಇದೆ."

"ಗೊತ್ತು. ಡ್ರಾಪ್ಸ್ ಬಿಡೋ ಹೊತ್ತಾಯ್ತು, ಅಲ್ಲಾಡ್ಬೇಡ," ಎಂದು ಎದ್ದು, ತನ್ನ ಕನ್ನಡಕ ಹಾಕಿಕೊಂಡು, ನನ್ನ ಹಣೆ ಒತ್ತಿ ಹಿಡಿದಳು.

ಮುಂದಿನ ಕೆಲವು ವಾರ ಅವಳ ಫೋನ್ ಕಡಿಮೆಯಾಯಿತು. ಬೇಜಾರಾಗುತ್ತದೆ ಎಂದು ಅವಳೇ ಹೇಳಿದ್ದಳಲ್ಲ, ನಾನೂ ಕೆದಕಲಿಲ್ಲ. ಆಮೇಲೊಂದು ದಿನ ತಾನಾಗಿಯೇ ಮಾಡಿ, ಪವರ್ ಇರುವ ಈಜಿನ ಕನ್ನಡಕ ಸಿಗುತ್ತದೆಂದು ಗೊತ್ತಾಗಿ ತರಿಸಿದ್ದಾಗಿಯೂ, ಈಗ ಕೊಳದ ತಳದ ಕಸವೆಲ್ಲ ಕಾಣುತ್ತಿರುವುದರಿಂದ ನೀರಿಗೆ ಇಳಿಯಲು ಅಸಹ್ಯವಾಗುತ್ತಿರುವುದಾಗಿಯೂ ಹೇಳಿದಳು.

ನನ್ನ ಕಣ್ಣು ಸಂಜೆಯಾದರೆ ಇನ್ನೂ ಒಣಗುತ್ತದೆ. ಡ್ರಾಪ್ಸ್ ಬಾಟಲಿ ಬ್ಯಾಗಿನಲ್ಲೇ ಇರುತ್ತದೆ, ಈಗ ನಾನೇ ಬಿಟ್ಟುಕೊಳ್ಳುತ್ತೇನೆ. ರಜೆ ಮುಗಿಸಿ ಶಾಲೆಗೆ ಹೋದ ದಿನ ಎಲ್ಲರೂ ಬೆರಗಾಗುತ್ತಾರೆಂದು ಹೊಸ ಸೀರೆ ಬೇರೆ ಉಟ್ಟು ಹೋಗಿದ್ದೆ. ಎಂಟನೇ ಕ್ಲಾಸಿನವರು ನನ್ನನ್ನೇ ದಿಟ್ಟಿಸಿ ನೋಡಿದರು, ತಮ್ಮತಮ್ಮಲ್ಲೇ ಗುಸುಗುಸು ಮಾಡಿಕೊಂಡರು. ಕಡೆಗೆ ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತು, "ಮಿಸ್, ಹುಷಾರಿಲ್ವಾ ಮಿಸ್?" ಅಂದಳು.