ಓದುವವರ ಕುರ್ಚಿ

ನನಗೆ ಪರಿಚಯದ ಬಡಿಗರೊಬ್ಬರು ಅಳತೆಪಟ್ಟಿ ಬಿಚ್ಚುವ ಮೊದಲು ಒಂದೇ ಮಾತು ಕೇಳುತ್ತಿದ್ದರು: "ಇದರ ಮ್ಯಾಲ ಯಾರ ಕೂಡಾವ್ರರಿ?" ಉತ್ತರ ಸಿಕ್ಕ ಮೇಲೆ ಕಟ್ಟಿಗೆಯನ್ನು ಅಂಗೈಯಿಂದ ಒಮ್ಮೆ ಸವರುತ್ತಿದ್ದರು.

ತೊಂಬತ್ತರ ದಶಕದ ಕೊನೆಯಲ್ಲಿ, ಆಳಂದದಲ್ಲಿ ನಾನು ನೋಡಿಕೊಳ್ಳುತ್ತಿದ್ದ ಸಣ್ಣ ಗ್ರಂಥಾಲಯಕ್ಕೆ ಕಂಪ್ಯೂಟರ್ ಬರುವುದಿತ್ತು. ಅದಕ್ಕಾಗಿ ಓದುವ ಕೋಣೆಯ ಹೊಸ ನಕ್ಷೆ ಬಂತು. ಉದ್ದನೆಯ ಬೆಂಚು ತೆಗೆದು, ಗೋಡೆಗುಂಟ ಒಬ್ಬೊಬ್ಬರು ಕೂಡುವ ಕುರ್ಚಿ ಹಾಕಬೇಕಿತ್ತು. ಆ ಬೆಂಚಿನ ಮೇಲೆ ದಿನಾ ಮಧ್ಯಾಹ್ನ ಒಬ್ಬರು ಪೇಪರನ್ನು ಜೋರಾಗಿ ಓದುತ್ತಿದ್ದರು. ಅಕ್ಷರ ಬಾರದ ನಾಲ್ಕೈದು ಮಂದಿ ಒತ್ತಿಕೊಂಡು ಕೂತು ಕೇಳುತ್ತಿದ್ದರು. ಬಡಿಗರೂ ಅವರಲ್ಲಿ ಒಬ್ಬರು.

ಕುರ್ಚಿ ಮಾಡಲು ನಾನು ಅವರನ್ನೇ ಕರೆದು ನಕ್ಷೆ ತೋರಿಸಿದೆ. "ಯಾರ ಕೂಡಾವ್ರರಿ?" ಎಂದರು.

"ಓದಾವ್ರು."

"ಕೇಳಾವ್ರು?"

"ನಕ್ಷಾದಾಗ ಇಲ್ರಿ ಚಾಚಾ."

ಅವರು ನಕ್ಕರು. "ಹಂಗಾದ್ರ ನಮ್ಮನ್ನ ಕಪಾಟಿನಾಗ ಇಡ್ರಿ ಸಾಹೇಬ್ರ, ಪುಸ್ತಕದ ಬಾಜೂಕ."

ಬೆಂಚು ಇರಲಿ ಎಂದು ಮೇಲಿನವರಿಗೆ ನಾನು ಒಂದು ಕಾಗದ ಬರೆಯಬಹುದಿತ್ತು. ಬರೆಯಲಿಲ್ಲ.

ಕುರ್ಚಿಗಳನ್ನು ಅವರು ಚೂರೂ ಅಲುಗಾಡದಂತೆ ಮಾಡಿಕೊಟ್ಟರು. ಮರುದಿನ ಮಧ್ಯಾಹ್ನ ಪೇಪರ್ ಓದುವವರು ಒಂದು ಹೊಸ ಕುರ್ಚಿಯಲ್ಲಿ ಕೂತರು. ಕೇಳಲು ಬಂದದ್ದು ಬಡಿಗರೊಬ್ಬರೇ. ಆ ಕುರ್ಚಿಯ ಬೆನ್ನಿನ ಮೇಲೆ ಅಂಗೈಯಿಟ್ಟು ಹಿಂದೆ ನಿಂತರು.

"ಕೂಡ್ರಿ ಚಾಚಾ, ಉಳಿದವು ಖಾಲಿ ಅವ," ಎಂದೆ.

"ಬ್ಯಾಡ್ರಿ, ಅವು ಓದಾವ್ರ ಕುರ್ಚಿ," ಎಂದರು. ಕೊನೆಯ ಪುಟ ಮುಗಿಯುವವರೆಗೂ ನಿಂತೇ ಕೇಳಿದರು.