ಕುರಿಯ ಪಾಲಿನ ಗುಳಿಗೆ

ದಾನೇಶ್ವರಿ ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಆರುವ ಮೊದಲೇ ಚಪ್ಪಲಿ ಮೆಟ್ಟಿ ಕುರುಬರ ಓಣಿಯ ಕಡೆ ಹೊರಡುತ್ತಾಳೆ. ಓಣಿಯ ಕೊನೆಯಲ್ಲಿ ಸಿದ್ದರಾಯನ ಮನೆ. ಅಂಗಳದ ಬೇವಿನ ಗಿಡದ ಕೆಳಗೆ ಅವನ ಹೊರಸು. ಆಕೆ ಮಾಸ್ಕ್ ಕಟ್ಟಿಕೊಂಡು ಗುಳಿಗೆಗಳನ್ನು ಅವನ ಅಂಗೈಗೆ ಹಾಕುತ್ತಾಳೆ. ಅವನು ಒಂದೊಂದನ್ನೇ ಬಾಯಿಗಿಟ್ಟು ನೀರು ಕುಡಿಯುತ್ತಾನೆ. ಕೊನೆಯದು ಇಳಿಯುವವರೆಗೂ ಅವಳು ಅವನ ಗಂಟಲಿನಿಂದ ಕಣ್ಣು ತೆಗೆಯುವುದಿಲ್ಲ.

"ಬಾಯಿ ತೆಗೀರಿ ಕಾಕಾ. ನಾಲಿಗಿ ಮ್ಯಾಲೆ ಎತ್ತರಿ."

ಮೊಬೈಲಿನ ಬೆಳಕು ಹಾಕಿ ನಾಲಿಗೆಯ ಕೆಳಗೆ, ಕೆನ್ನೆಯ ಸಂದಿಯಲ್ಲಿ ನೋಡುತ್ತಾಳೆ. ಏನೂ ಉಳಿದಿಲ್ಲ ಎಂದು ಖಾತ್ರಿಯಾದ ಮೇಲೆಯೇ ಹಿಂದಕ್ಕೆ ಸರಿಯುವುದು. ಹಬ್ಬವಿರಲಿ, ಮಳೆಯಿರಲಿ, ಮಗನ ಮೈ ಜ್ವರದಿಂದ ಸುಡುತ್ತಿರಲಿ, ಇದೊಂದು ತಪ್ಪಿದ್ದಿಲ್ಲ.

ಮೊದಮೊದಲು ಸಿದ್ದರಾಯ ನಗುತ್ತಿದ್ದ. "ಎತ್ತಿನ ಹಲ್ಲು ನೋಡಿದಂಗ ನೋಡ್ತೀರಲ್ರಿ ಬಾಯಾರ. ಸಂತಿಗೆ ಹೊಡ್ಕೊಂಡ ಹೋಗವರ ಏನು?"

"ನಿಮ್ಮನ್ನ ಯಾವ ಪುಣ್ಯಾತ್ಮ ತೊಗೋತಾನ ಕಾಕಾ? ಎಲುಬಷ್ಟ ಉಳದಾವ."

ಈಗ ಚಾಷ್ಟಿ ಮಾಡುವಷ್ಟು ಉಸಿರು ಅವನಲ್ಲಿಲ್ಲ. ಕೇಳದೆಯೇ ಬಾಯಿ ತೆರೆಯುತ್ತಾನೆ.

ದಾನೇಶ್ವರಿಯ ತವರು ಗೊಳಸಂಗಿ. ಏಳನೇ ಇಯತ್ತೆಗೆ ಸಾಲಿ ಬಿಡಿಸಿ, ಸಿಂದಗಿ ತಾಲೂಕಿನ ಈ ಊರಿಗೆ, ಕನ್ನೊಳ್ಳಿಯ ಆಚೆಗಿನ ಸಣ್ಣ ಊರಿಗೆ ಕೊಟ್ಟರು. ಗಂಡನದು ಹಿಟ್ಟಿನ ಗಿರಣಿ. ಆಶಾ ಕಾರ್ಯಕರ್ತೆಯ ಕೆಲಸ ಬಂದಾಗ ಬೇರೆ ಹೆಂಗಸರು ಬಾಣಂತಿಯರ ಮನೆಗಳನ್ನು ಬಯಸಿದರೆ, ಇವಳ ಪಾಲಿಗೆ ಕೆಮ್ಮಿನವರೂ ಬಂದರು. ಇವಳು ಬೇಡವೆನ್ನಲಿಲ್ಲ. ಕೆಮ್ಮುವವರ ಮಾತು ತುಂಡು ತುಂಡಾಗಿ ಬರುತ್ತದೆ, ಅದನ್ನು ಕೂಡಿಸಿಕೊಂಡು ಕೇಳುವ ಸಮಾಧಾನ ದೇವರು ತನಗೆ ಕೊಟ್ಟಿದ್ದಾನೆ ಎಂದುಕೊಂಡಳು.

ಎರಡು ವರ್ಷದ ಹಿಂದೆ ಸಿದ್ದರಾಯನ ಕಫದಲ್ಲಿ ಟಿಬಿ ಕಂಡಿತು. ಆಗ ಅವನಿಗೆ ಐವತ್ತರ ಹತ್ತಿರ. ಹೆಗಲ ಮೇಲೆ ಕಂಬಳಿ ಹಾಕಿಕೊಂಡು ನಿಂತರೆ ಬಾಗಿಲು ತುಂಬುವ ಆಳು. ದಿನಕ್ಕೆ ನಾಲ್ಕು ಕೆಂಪು ಗುಳಿಗೆ. ದಾನೇಶ್ವರಿ ದಿನಾ ಹೋಗಿ ಕೊಟ್ಟು ಬಂದಳು. ಎರಡು ತಿಂಗಳಿಗೆ ಕೆಮ್ಮು ಇಳಿಯಿತು. ಹೆಂಡತಿ ರೇವವ್ವ ಮಾಡಿದ ರೊಟ್ಟಿ ಸಾಲದೆ ಇನ್ನೊಂದು ಕೇಳುವಂತಾಯಿತು. ಅಷ್ಟರಲ್ಲಿ ದೀಪಾವಳಿ ಬಂತು. ಹಬ್ಬ ಮುಗಿಯುತ್ತಲೇ ಕುರಿ ಹಿಂಡು ಭೀಮಾ ಹೊಳೆಯ ದಂಡೆಗೆ ಹೋಗಬೇಕು. ಸುಗ್ಗಿಯಾದ ಹೊಲಗಳಲ್ಲಿ ಮೇಯಿಸುತ್ತ, ರಾತ್ರಿ ಅಲ್ಲೇ ಕೂಡಿಹಾಕುತ್ತ ಊರೂರು ತಿರುಗಬೇಕು. ಅವನ ಅಪ್ಪ, ಅಜ್ಜ ಎಲ್ಲರೂ ಹೋದದ್ದು ಹಾಗೆಯೇ.

"ಬಾಯಾರ, ತಿಂಗಳದ್ದು ಒಮ್ಮೆಲೆ ಕೊಟ್ಟಬಿಡ್ರಿ. ಕುರಿ ನನ್ನ ಸಲುವಾಗಿ ಇಲ್ಲೇ ನಿಂದರ್ತಾವೇನ್ರಿ?" ಎಂದು ಕೈ ಮುಗಿದ.

ಅವಳು ತಾಲೂಕಿನಿಂದ ಬರುವ ಮೇಲ್ವಿಚಾರಕ ಅನೀಲಕುಮಾರನನ್ನು ಕೇಳಿದಳು. ಊರು ಬಿಟ್ಟು ಹೋಗುವವರಿಗೆ ಹಾಗೆ ಕೊಡಬಹುದು, ಫೋನಿನಲ್ಲಿ ವಿಚಾರಿಸುತ್ತಿರಿ ಎಂದ ಅವನು. ಕೊಟ್ಟಳು. ಕೊಡುವಾಗ, "ಈ ಗುಳಿಗಿ ನುಂಗಿದ್ರ ಉಚ್ಚಿ ಕೆಂಪಗ ಹೋಗ್ತೈತಿ ಕಾಕಾ. ಅಂಜಬ್ಯಾಡ್ರಿ. ಕೆಂಪಗ ಹೊಂಟೈತಿ ಅಂದ್ರ ಔಷಧ ಕೆಲಸ ಮಾಡಾಕತ್ತೈತಿ ಅಂತ ತಿಳೀರಿ" ಎಂದು ಹೇಳಿದಳು. ಮುಂದಿನ ತಿಂಗಳ ಗುಳಿಗೆಗಳನ್ನು ಅವನ ಅಣ್ಣನ ಮಗ ದುಂಡೇಶ ಬಂದು ಒಯ್ದ. ಅದರ ಮುಂದಿನ ತಿಂಗಳೂ ಒಯ್ದ.

ವಾರಕ್ಕೊಮ್ಮೆ ಫೋನು ಮಾಡುತ್ತಿದ್ದಳು.

"ಕಾಕಾ, ಕೆಂಪಗ ಐತೇನ್ರಿ?"

"ದಾಸಾಳ ಹೂವಿನಂಗ ಐತ್ರಿ ಬಾಯಾರ."

ಆ ಕಡೆ ಕುರಿಗಳ ಸದ್ದು, ಈ ಕಡೆ ಗಿರಣಿಯ ಸದ್ದು. ಮಾತು ಅಲ್ಲಿಗೆ ಮುಗಿಯುತ್ತಿತ್ತು. ಅವಳಿಗೂ ಸಮಾಧಾನ.

ಒಂದು ಸಂಜೆ ದುಂಡೇಶ ಜೋಳದ ಚೀಲ ಹೊತ್ತು ಗಿರಣಿಗೆ ಬಂದ. ಹತ್ತಾರು ಜನ ಹಿಟ್ಟಿಗೆ ಕಾಯುತ್ತಿದ್ದರು. ದಾನೇಶ್ವರಿ ಗಂಡನಿಗೆ ಚಹಾ ತಂದಿದ್ದಳು. ದುಂಡೇಶ ಅವಳನ್ನು ಕಂಡು ನಗೆ ತಡೆಯಲಾರದೆ, "ಬಾಯಾರ, ನಿಮ್ಮ ಸರಕಾರಿ ಗುಳಿಗಿ ಬಾಳ ಜೋರ ಅದಾವ ಬಿಡ್ರಿ. ನಮ್ಮ ಕಾಕಾ ಅಷ್ಟ ಅಲ್ಲ, ಅವನ ಕುರೀನೂ ಕೆಂಪಗ ಹೊಯ್ಯಾಕತ್ತೈತಿ!" ಎಂದ.

ಗಿರಣಿಯ ಮುಂದೆ ನಿಂತವರೆಲ್ಲ ಬಿದ್ದು ಬಿದ್ದು ನಕ್ಕರು. "ಹಾಂಗಾರ ಕುರಿಗೂ ಸರಕಾರದ ಕಾರ್ಡ್ ಮಾಡಸ್ರಿ" ಎಂದೊಬ್ಬ. "ಹಾಲೂ ಕೆಂಪಗ ಬರ್ತೈತೇನು ಕೇಳ್ರಿ" ಎಂದು ಇನ್ನೊಬ್ಬ.

ದಾನೇಶ್ವರಿ ಚಹಾ ಗಂಡನ ಮುಂದಿಟ್ಟು, ನಾಳೆ ಹಿಂಡಿನ ಬಳಿಗೆ ತನ್ನ ಜೊತೆ ಬರಬೇಕೆಂದು ದುಂಡೇಶನಿಗೆ ಹೇಳಿದಳು.

ಮರುದಿನ ಮೊದಲ ಬಸ್ಸಿಗೆ ದುಂಡೇಶನ ಜೊತೆ ಇಂಡಿಗೆ ಹೋಗಿ, ಅಲ್ಲಿಂದ ಅಗರಖೇಡದ ದಾರಿ ಹಿಡಿದಳು. ಊರಾಚೆ ಕಬ್ಬು ಕಡಿದ ಹೊಲದಲ್ಲಿ ಹಿಂಡು ಬೀಡು ಬಿಟ್ಟಿತ್ತು. ಸಿದ್ದರಾಯ ಬಿಸಿಲಿಗೆ ಮೈಯೊಡ್ಡಿ ಕೂತಿದ್ದ. ಅವನ ತೊಡೆಗೆ ತಲೆ ಆನಿಸಿ ಒಂದು ಕರಿ ಕುರಿ ಮಲಗಿತ್ತು. ಬಾಗಿಲು ತುಂಬುತ್ತಿದ್ದ ಆಳು ಮತ್ತೆ ಇಳಿದುಹೋಗಿದ್ದ. ಅವನು ಕೆಮ್ಮಿದ. ಸ್ವಲ್ಪ ಹೊತ್ತಿಗೆ ಕುರಿ ಕೆಮ್ಮಿತು.

"ಗುಳಿಗಿ ದಿನಾ ನುಂಗೀರೇನ್ರಿ ಕಾಕಾ?"

"ಅಮೋಘಸಿದ್ಧನ ಆಣಿ ಮಾಡಿ ಹೇಳ್ತೇನಿ, ಒಂದ ದಿನಾನೂ ತಪ್ಪಿಸಿಲ್ರಿ."

"ದಿನಕ್ಕ ಎಷ್ಟ?"

"ಎರಡು."

"ನಾಲ್ಕ ಅಲ್ಲೇನ್ರಿ?"

"ನಂದ ಎರಡು. ಇಕೀದ ಎರಡು." ಅವನು ಕುರಿಯ ಕಿವಿ ಸವರಿದ. "ಬೆಲ್ಲದಾಗ ಇಟ್ಟ ಕೊಡ್ತೇನ್ರಿ. ಶಾಣ್ಯಾಕಿ, ಉಗುಳೂದಿಲ್ಲ."

ದಾನೇಶ್ವರಿ ಹೊಲದ ಬದುವಿನ ಮೇಲೆ ಕೂತು, ಕುರಿಗೆ ಏಕೆ ಕೊಟ್ಟಿರೆಂದು ಕೇಳಿದಳು.

"ಹಡದಾಕಿ ಸತ್ತ ಮರಿ ರೀ ಇದು. ಬಾಟಲಿ ಹಾಲ ಕುಡಿಸಿ ಬೆಳಿಸೇನಿ. ನನ್ನಂಗ ಕೆಮ್ಮತೈತಿ ಬಾಯಾರ, ಕೇಳ್ರಿ ಬೇಕಾರ. ನನಗ ಆರಾಮ ಆಗಿತ್ತು, ನಾಲ್ಕು ಯಾಕ ಬೇಕು? ನಾನೊಬ್ಬನ ನುಂಗಿ ಇದನ್ನ ಕೆಮ್ಮಾಕ ಬಿಟ್ರ ದೇವರು ಮೆಚ್ಚತಾನೇನ್ರಿ?"

ಅವಳಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಅವನು ಒಂದು ಸುಳ್ಳನ್ನೂ ಹೇಳಿರಲಿಲ್ಲ. ವಾರವಾರ ಅವಳು ಕೇಳಿದ್ದು ಕೆಂಪಗಿದೆಯೋ ಇಲ್ಲವೋ ಎಂದಷ್ಟೇ, ಮತ್ತು ಅದು ಕೆಂಪಗೇ ಇತ್ತು. ಎಷ್ಟು ಎಂದು ಕೇಳುವ ಯೋಚನೆ ತನ್ನ ತಲೆಗೆ ಏಕೆ ಬರಲಿಲ್ಲ? ಬದುವಿನ ಮೇಲೆ ಕೂತು ಅವಳು ಇಷ್ಟಲಿಂಗದ ಕರಡಿಗೆಯನ್ನು ಸೆರಗಿನೊಳಗೇ ಹಿಡಿದುಕೊಂಡಳು. ಏನು ಬೇಡಬೇಕೆಂದು ತಿಳಿಯಲಿಲ್ಲ.

ಅವನನ್ನು ಅದೇ ದಿನ ಕರೆದುಕೊಂಡು ಬಂದಳು. ಹಿಂಡನ್ನು ದುಂಡೇಶ ನೋಡಿಕೊಂಡ. ಕಫವನ್ನು ಪರೀಕ್ಷೆಗೆ ಕಳಿಸಿದರೆ, ಹಳೆಯ ಗುಳಿಗೆಗೆ ಬಗ್ಗದ ಟಿಬಿ ಎಂದು ಬಂತು. ಅನೀಲಕುಮಾರ ಕಾಗದ ನೋಡಿ ಗದರಿದ.

"ಏನ್ರಿ ದಾನೇಶ್ವರಿಯವರ, ಇದನ್ನ ನೋಡ್ಕೊಳ್ಳಾಕೂ ಆಗಲಿಲ್ಲ ನಿಮಗ?"

"ತಿಂಗಳದ್ದು ಕೊಡ್ರಿ ಅಂದವರು ನೀವ ಅಲ್ರಿ ಸರ್?"

"ಕೊಡ್ರಿ ಅಂದಿದ್ದೆ. ಕೊಟ್ಟು ಮರತಬಿಡ್ರಿ ಅಂದಿದ್ನೇನ್ರಿ?"

ಮರೆತಿರಲಿಲ್ಲ ಎಂದು ಅವಳು ಹೇಳಬಹುದಿತ್ತು. ಹೇಳಿ ಆಗುವುದೇನಿತ್ತು?

ಜಿಲ್ಲೆಯ ದೊಡ್ಡ ಆಸ್ಪತ್ರೆಯಲ್ಲಿ ಒಬ್ಬ ಸಣ್ಣ ವಯಸ್ಸಿನ ಡಾಕ್ಟರಮ್ಮ ಎದೆಯ ಎಕ್ಸರೇ ಹಿಡಿದು ತೋರಿಸಿದಳು. ಬಲಗಡೆ ಬಿಳಿ ಮಬ್ಬು ಬಿಟ್ಟರೆ ಏನೂ ಇರಲಿಲ್ಲ. "ಅರ್ಧ ಔಷಧಕ್ಕೆ ಈ ರೋಗ ಸಾಯುವುದಿಲ್ಲ, ಇನ್ನೂ ಗಟ್ಟಿಯಾಗುತ್ತದೆ. ಹೊಸ ಗುಳಿಗೆ ಕೊಡುತ್ತೇವೆ. ನಿಮ್ಮ ಕಣ್ಣೆದುರೇ ನುಂಗಬೇಕು" ಎಂದಳು. ಸಿದ್ದರಾಯ ಹೊರಗೆ ಹೋದ ಮೇಲೆ ದನಿ ತಗ್ಗಿಸಿ, "ಬಹಳ ತಡವಾಗಿದೆ. ಹೆಚ್ಚಿನ ಆಸೆ ಇಟ್ಟುಕೊಳ್ಳಬೇಡಿ" ಎಂದಳು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತ ಸಿದ್ದರಾಯ ಕೇಳಿದ. "ನಾ ಹೊರಗ ಬಂದ ಮ್ಯಾಲೆ ಏನಂದ್ರು?"

"ಹೊಸಾ ಗುಳಿಗಿ ಹತ್ತಿದ್ರ ಹತ್ತಬಹುದು ಅಂದಾರ ಕಾಕಾ. ತಡಾ ಆಗೇತಿ ಅಂತನೂ ಅಂದಾರ."

"ಹೂಂ," ಎಂದ ಅವನು. "ಖರೇ ಹೇಳಿದ್ರಿ. ಚಲೋ ಆತು."

ಒಂದು ಮಾತನ್ನು ಮಾತ್ರ ಅವಳು ಅವನಿಗೆ ಹೇಳಿರಲಿಲ್ಲ. ಕರಿ ಕುರಿಯನ್ನು ದನದ ಡಾಕ್ಟರರಿಗೆ ತೋರಿಸಲು ದುಂಡೇಶನಿಗೆ ತಾಕೀತು ಮಾಡಿದ್ದಳು. ಅದರ ಕೆಮ್ಮು ಬರೀ ಜಂತುವಿನದು ಎಂದು ಅವರು ಹೇಳಿದ್ದರು. ಜಂತುವಿನ ಔಷಧ ಕುಡಿಸಿದ ಮೇಲೆ ನಿಂತೂ ಹೋಯಿತು. ಅವನ ಎರಡು ಗುಳಿಗೆ ಅದಕ್ಕೆ ಏನೂ ಮಾಡಿರಲಿಲ್ಲ. ಕುರಿ ಎರಡು ಮರಿ ಹಾಕಿದೆಯೆಂದು ಫೋನು ಬಂದ ದಿನ ಸಿದ್ದರಾಯನ ಮುಖ ಅರಳಿತು. "ನೋಡ್ರಿ ಬಾಯಾರ, ನಾ ಕೊಟ್ಟದ್ದು ಸುಳ್ಳಾಗಲಿಲ್ಲ. ನಂದು ಹೋದ್ರೂ ಅದು ಉಳೀತು" ಎಂದ. ದಾನೇಶ್ವರಿ "ಹೌದ್ರಿ ಕಾಕಾ" ಎಂದಳು. ಆ ರಾತ್ರಿ ಪೂಜೆಗೆ ಕೂತಾಗ, ಇದೊಂದು ಸುಳ್ಳನ್ನು ನನ್ನ ಲೆಕ್ಕಕ್ಕೆ ಹಿಡಿ ತಂದೆ, ಅವನ ಲೆಕ್ಕಕ್ಕೆ ಬೇಡ ಎಂದು ಬೇಡಿಕೊಂಡಳು.

ಹೊಸ ಗುಳಿಗೆ ಶುರುವಾಗಿ ತಿಂಗಳುಗಳು ಕಳೆದವು. ಅವನ ಅಂಗಾಲಿನಲ್ಲಿ ಇರುವೆ ಹರಿದಂತೆ ಚುಮುಚುಮು. ಬಾಯಿಗೆ ಏನೂ ರುಚಿಯಿಲ್ಲ. ರೇವವ್ವ ದಿನಾ ಹಣೆಗೆ ಅಮೋಘಸಿದ್ಧನ ಭಂಡಾರ ಹಚ್ಚುತ್ತಿದ್ದಳು. ಹಳದಿ ಹಣೆಯ ಕೆಳಗೆ ಕಣ್ಣು ದಿನದಿನಕ್ಕೆ ಒಳಗೆ ಹೋಗುತ್ತಿದ್ದವು. ದಾನೇಶ್ವರಿ ಪ್ರತಿ ತಿಂಗಳೂ ಅವನನ್ನು ತೂಕದ ಯಂತ್ರದ ಮೇಲೆ ನಿಲ್ಲಿಸುತ್ತಿದ್ದಳು. ಮುಳ್ಳು ಹಿಂದಕ್ಕೇ ಸರಿಯಿತು. ಕೊನೆಗೆ ಅವನಿಗೆ ನಿಲ್ಲಲಾಗದೆ ಅದನ್ನೂ ಬಿಟ್ಟಳು.

ಆಮೇಲೆ ರೇವವ್ವ ಕೆಮ್ಮತೊಡಗಿದಳು.

"ಒಲಿ ಹೊಗಿ ರೀ ಬಾಯಾರ," ಎಂದಳು. ಗಂಡನ ಜೊತೆ ಮಾಡಿಸಿದ ಮೊದಲ ಪರೀಕ್ಷೆಯಲ್ಲಿ ಅವಳಿಗೆ ಏನೂ ಇರಲಿಲ್ಲ. ಈ ಸಲ ಇತ್ತು. ಅದೂ ಹಳೆಯ ಗುಳಿಗೆಗೆ ಬಗ್ಗದ್ದು. ದಾನೇಶ್ವರಿ ಸುದ್ದಿ ಹೇಳಲು ಹೋದಳು. ರೇವವ್ವನೇ ಅವಳ ಮುಖ ನೋಡಿ ತಿಳಿದುಕೊಂಡಳು. ಗಂಡನ ಕಡೆ ತಿರುಗಿ, "ನಿನಗ ಹಂಚಿ ತಿನ್ನೂದು ಚಟಾನ ಬಿಡಪ್ಪ. ಕುರಿಗೆ ಗುಳಿಗಿ ಕೊಟ್ಟಿ, ನನಗ ರೋಗ ಕೊಟ್ಟಿ" ಎಂದು ನಕ್ಕಳು. ನಗು ಕೆಮ್ಮಿಗೆ ತಿರುಗಿತು. ಸಿದ್ದರಾಯ ಗೋಡೆಯ ಕಡೆ ಮುಖ ಮಾಡಿ ಮಲಗಿದ. ಅವತ್ತು ಮತ್ತೆ ಈ ಕಡೆ ತಿರುಗಲಿಲ್ಲ.

ಈ ಸುದ್ದಿ ದಾನೇಶ್ವರಿಯ ಅತ್ತೆ ರುಕ್ಮವ್ವನಿಗೂ ಮುಟ್ಟಿತು. ಮೊದಲೇ ಆಕೆ ಸೊಸೆಯನ್ನು ಬೇವಿನ ಎಲೆ ಹಾಕಿದ ಬಿಸಿನೀರಿನಲ್ಲಿ ಹಿತ್ತಲಲ್ಲೇ ಮೀಯಿಸದೆ ಒಳಗೆ ಬಿಡುತ್ತಿರಲಿಲ್ಲ. ಈಗ ಬಾಗಿಲಿಗೆ ಅಡ್ಡ ಕೂತಳು.

"ಏ ದಾನಿ, ಆ ಮನಿಗೆ ಇನ್ನ ಹೋಗಬ್ಯಾಡ. ಹೇಣ್ತಿಗೇ ಹತ್ತೇತಿ, ನಿನಗ ಬಿಡ್ತೈತೇನು? ನನ್ನ ಮೊಮ್ಮಕ್ಕಳ್ನ ತಬ್ಬಲಿ ಮಾಡ್ತೀಯೇನು?"

"ನಾ ಹೋಗದಿದ್ರ ಅವರು ಯಾರ ಮುಂದ ನುಂಗಬೇಕ ಅತ್ತಿ?"

"ನುಂಗ್ಲಿ, ಬಿಡ್ಲಿ. ಸಾಯವರಿಗೆ ನಿನ್ನ ಕಾವಲ ಯಾಕ?"

ಮುದುಕಿ ಹೇಳಿದ್ದು ಸುಳ್ಳಲ್ಲ ಎಂದು ದಾನೇಶ್ವರಿಯ ಒಳಗೇ ಯಾರೋ ಅನ್ನುತ್ತಿದ್ದರು. ಮರುದಿನ ಬೆಳಿಗ್ಗೆ ಅತ್ತೆಯನ್ನು ದಾಟಿಕೊಂಡೇ ಹೋದಳು. ಹೋಗುವಾಗ ಮಕ್ಕಳ ಕಡೆ ತಿರುಗಿ ನೋಡಲಿಲ್ಲ, ನೋಡಿದರೆ ಕಾಲು ನಿಂತುಬಿಡುತ್ತವೆಂದು.

ಅಂದು ಸಂಜೆ ರುಕ್ಮವ್ವ ಸಿದ್ದರಾಯನ ಬೇಲಿಯ ಹೊರಗೆ ನಿಂತು ಅತ್ತಳಂತೆ. ಒಳಗೆ ಬರಲಿಲ್ಲ, ಬೈಯಲೂ ಇಲ್ಲ. ಸೊಸೆಯನ್ನು ಇನ್ನು ಬರಗೊಡಬೇಡಿರೆಂದು ಸೆರಗು ಒಡ್ಡಿ ಬೇಡಿಕೊಂಡು ಹೋದಳಂತೆ. ಮರುದಿನ ಬೆಳಿಗ್ಗೆ ಇದನ್ನು ಹೇಳಿದವಳು ರೇವವ್ವ. ಹೇಳಿ, ತನ್ನ ಪಾಲಿನ ಗುಳಿಗೆ ನುಂಗಿ, ಬಾಯಿ ತೋರಿಸಿ, ಒಲೆಯ ಕಡೆ ಹೋದಳು.

ಸಿದ್ದರಾಯ ಹೊರಸಿನ ಮೇಲೆ ಏಳಲು ನೋಡಿದ. ಆಗಲಿಲ್ಲ. ದಾನೇಶ್ವರಿ ಬೆನ್ನಿಗೆ ಕೈಕೊಟ್ಟು ಕೂರಿಸಿದಳು. ಅಂಗಿಯೊಳಗೆ ಬೆನ್ನಿನ ಎಲುಬು ಒಂದೊಂದೂ ಕೈಗೆ ಹತ್ತಿತು.

"ಬಾಯಾರ," ಎಂದ. ಮಾತಿನ ನಡುವೆ ಉಸಿರಿಗೆ ನಿಲ್ಲುತ್ತಿದ್ದ. "ಯಾವಾಗಲೂ ನಾನ ನಿಮಗ ಬೇಡೇನಿ. ನಿಮಗ ಏನೂ ಕೊಟ್ಟಿಲ್ಲ. ಇವತ್ತ ಇದೊಂದ ಕೊಡ್ತೇನಿ, ಇಲ್ಲನಬ್ಯಾಡ್ರಿ. ನಾಳಿಂದ ನೀವು ಬರಬ್ಯಾಡ್ರಿ. ತಿಂಗಳದ್ದು ಒಮ್ಮೆಲೆ ಇಟ್ಟ ಹೋಗ್ರಿ. ಇಬ್ರೂ ನುಂಗತೇವಿ, ಒಂದೂ ಕಡಿಮಿ ಮಾಡೂದಿಲ್ಲ. ಯಾರಿಗೂ ಹಂಚೂದಿಲ್ಲ. ಅಮೋಘಸಿದ್ಧನ ಆಣಿ. ನಿಮ್ಮ ಮಕ್ಕಳ ಕೂಡ ಚಂದಾಗಿ ಇರ್ರಿ."

ಅವನ ಕಣ್ಣಿನಲ್ಲಿ ನೀರು ಬಂದಿತ್ತು. ಆಣೆ ನಿಜವೆಂದು ದಾನೇಶ್ವರಿಗೆ ಗೊತ್ತಿತ್ತು. ಅಗರಖೇಡದ ಹೊಲದಲ್ಲಿ ಮಾಡಿದ ಆಣೆಯೂ ನಿಜವೇ ಆಗಿತ್ತು. ಅವನು ಬರುವ ಶಿವರಾತ್ರಿಯನ್ನು ಕಾಣಲಾರ ಎಂಬುದೂ ಗೊತ್ತಿತ್ತು, ನುಂಗಿದರೂ ಅಷ್ಟೇ, ನುಂಗದಿದ್ದರೂ ಅಷ್ಟೇ. ಒಳಗೆ ರೇವವ್ವ ಕೆಮ್ಮುವುದು ಕೇಳಿಸಿತು.

ದಾನೇಶ್ವರಿ ಮಾಸ್ಕಿನ ದಾರವನ್ನು ಕಿವಿಗೆ ಇನ್ನಷ್ಟು ಬಿಗಿದುಕೊಂಡಳು. ಗುಳಿಗೆಗಳನ್ನು ಅವನ ಅಂಗೈಗೆ ಹಾಕಿ, ಬೆರಳುಗಳನ್ನು ಅವುಗಳ ಮೇಲೆ ಮಡಚಿದಳು.

"ಬ್ಯಾಡ್ರಿ ಕಾಕಾ. ಅದೊಂದ ನನಗ ಕೊಡಬ್ಯಾಡ್ರಿ. ನಾ ನಾಳಿ ಮುಂಜಾನೇನೂ ಬರ್ತೇನಿ. ಈಗ ನುಂಗಿ ಬಾಯಿ ತೆಗೀರಿ."