ಮೀನಿನ ಗಾಡಿಯ ಸಂಗಪ್ಪ ಕಾಕಾ

ಸಂಗಪ್ಪ ಕಾಕಾ ಜನ್ಮದಲ್ಲಿ ಒಂದು ಚೂರು ಮೀನು ತಿಂದವರಲ್ಲ. ಹಣೆತುಂಬ ವಿಭೂತಿ ಹಚ್ಚಿಕೊಂಡು, ತಂಪು ಪೆಟ್ಟಿಗೆಯ ಗಾಡಿಯಲ್ಲಿ ಬಾಂಗಡಾ, ಸುರಮಾಯಿ ಮೀನು ತುಂಬಿಕೊಂಡು ಜತ್ತ ತಾಲೂಕೆಲ್ಲ ತಿರುಗುತ್ತಿದ್ದರು. ಸಂಜೆ ಮನೆ ಮುಟ್ಟಿದರೆ ಹೆಂಡತಿ ಅಂಗಳದಲ್ಲೇ ಬಿಸಿನೀರು ಇಟ್ಟಿರುತ್ತಿದ್ದರಂತೆ. “ಜಳಕಾ ಆಗೂತನಕ ನಾ ನಮ್ಮ ಮನಿಗೇ ಹೊರಗಿನಾಂವ,” ಎಂದು ನಗುತ್ತಿದ್ದರು.

ರತ್ನಾಗಿರಿ ಕಡೆಯಿಂದ ಬರುವ ಮೀನನ್ನು ಜತ್ತದ ನಮ್ಮ ಕೋಲ್ಡ್ ಸ್ಟೋರೇಜಿನಿಂದ ಎರಡು ಗಾಡಿಗಳು ಹಳ್ಳಿಯ ಅಂಗಡಿ, ಧಾಬಾಗಳಿಗೆ ಮುಟ್ಟಿಸುತ್ತಿದ್ದವು. ಹೊಗೆ ಕಡಿಮೆಯಾಗಬೇಕು, ಡೀಸೆಲ್ ಕಡಿಮೆ ಸುಡಬೇಕು, ಹಾಗೆ ದಾರಿ ಹಾಕು ಎಂದು ಮಾಲೀಕರು ಆಫೀಸಿನ ಕೆಲಸಕ್ಕಿದ್ದ ನನಗೆ ಹೇಳಿದರು. ನಾನು ಕಂಪ್ಯೂಟರ್ ಮುಂದೆ ಕೂತು ಅತಿ ಹತ್ತಿರದ ದಾರಿಗಳನ್ನು ಜೋಡಿಸಿ ಹಾಳೆ ಕೊಟ್ಟೆ. ಕಾಕಾ ಓದಿ ಮಡಚಿ ಜೇಬಿನಲ್ಲಿಟ್ಟುಕೊಂಡರು. “ನಾಳಿ ನೀನೂ ಗಾಡ್ಯಾಗ ಬಾ, ತಂಗಿ,” ಎಂದರು.

ಮರುದಿನ ಮಾಡಗ್ಯಾಳದ ಹತ್ತಿರ ಕುರಿ ಮೇಯಲು ಹೊರಟಿದ್ದವು. ರಸ್ತೆ ತುಂಬ ಕುರಿ. ನಾವು ನಿಂತೇ ಇದ್ದೆವು. ಗಾಡಿ ನಿಂತರೂ ಒಳಗಿನ ತಂಪು ಕಾಯಲು ಎಂಜಿನ್ ಓಡಲೇಬೇಕು.

“ಈಗ ಏನ ಸುಡಾಕತ್ತೈತಿ?” ಕಾಕಾ ಕೇಳಿದರು.

“ಡೀಸೆಲ್ ರಿ.”

“ಮತ್ತ ಹತ್ತರದ ದಾರಿ ಅಂದಿದ್ದಿ?”

ಮೊದಲು ಬಾಲಗಾಂವ ಮುಗಿಸಿ, ಕುರಿ ಅಡವಿ ಸೇರಿದ ಮೇಲೆ ಮಾಡಗ್ಯಾಳಕ್ಕೆ ಬರಬೇಕು ಎನ್ನುವುದು ಅವರ ಲೆಕ್ಕ. ಸುತ್ತು ಹೆಚ್ಚು, ಸುಡುವುದು ಕಡಿಮೆ. ನನ್ನ ಓದೆಲ್ಲ ಆ ಕುರಿಗಳ ಮುಂದೆ ನೆಲ ಕಚ್ಚಿತು.

ಗಿರಾಕಿಗಳ ವಿಷಯದಲ್ಲಿ ಅವರ ರೀತಿಯೇ ಬೇರೆ. “ಆರ್ಡರ್ ಏನ ಕೇಳತಿ? ಯಾವ ವಾರ ಹಿಡದಾರ ಕೇಳು. ಸೋಮವಾರ ಮುಚ್ಚಂಡಿಯಾಗ ಯಾರೂ ಮೀನ ಮುಟ್ಟೂದಿಲ್ಲ. ಬಾಲಗಾಂವದ ಧಾಬಾದಾಂವಗ ಗುರುವಾರ, ಶನಿವಾರ ಎರಡೂ ನಡಿಯೂದಿಲ್ಲ. ಫೋನಿನ್ಯಾಗ ಕಳಸ್ರಿ ಅಂತಾರ. ಹೋದ್ರ ಗಾಡಿ ಬಾಗಲಾ ತಗಸಿ ಒಂದ ಕಿಲೋ ತಗೋತಾರ. ಹೊರಗಿನ ಝಳ ಎಲ್ಲಾ ಒಳಗ.” ಅಂಗಡಿ ಅಂಗಡಿಗೆ ಹೋಗಿ ಅವರವರ ವಾರ, ವ್ರತ ಕೇಳಿ ನಾವಿಬ್ಬರೂ ಪಟ್ಟಿ ಮಾಡಿದೆವು. ಮಧ್ಯಾಹ್ನ ಅವರ ಬುತ್ತಿಯ ರೊಟ್ಟಿಯಲ್ಲಿ ಅರ್ಧ ನನಗೆ ಬರುತ್ತಿತ್ತು.

ಎರಡನೇ ವಾರ ಪಟ್ಟಿಯನ್ನು ಕಂಪ್ಯೂಟರಿಗೆ ಹಾಕಿದಾಗ ಒಂದು ಮಾತು ಎದ್ದು ಕಂಡಿತು. ಖಾಲಿ ಓಡಾಟ ತೆಗೆದರೆ ಒಂದೇ ಗಾಡಿ ಸಾಕು. ಮಾಲೀಕರಿಗೆ ತೋರಿಸಿದೆ. ತಿಂಗಳು ನೋಡೋಣ, ಸದ್ಯ ಯಾರಿಗೂ ಹೇಳಬೇಡ ಎಂದರು. ಇನ್ನೊಂದು ಗಾಡಿಯ ಡ್ರೈವರ್ ಮಾಲೀಕರ ಸಂಬಂಧಿ. ಯಾರು ಉಳಿಯುತ್ತಾರೆ, ಯಾರು ಹೋಗುತ್ತಾರೆ ಎಂದು ನನಗೆ ಅಂದೇ ಗೊತ್ತಾಯಿತು. ಆದರೂ ಬಾಯಿ ಬಿಡಲಿಲ್ಲ. ಕಾಕಾ ದಿನವೂ ಹೊಸ ತಿದ್ದುಪಡಿ ತರುತ್ತಿದ್ದರು, ನಾನು ಹಾಕಿಕೊಳ್ಳುತ್ತಿದ್ದೆ.

ತಿಂಗಳು ತುಂಬಿದ ದಿನ ಮಾಲೀಕರು ಅವರನ್ನು ಒಳಗೆ ಕರೆದು, ನಾಳೆಯಿಂದ ಕೆಲಸವಿಲ್ಲ ಎಂದು ಹೇಳಿದರು. ಕಾಕಾ ಹೊರಗೆ ಬಂದು, ಗಾಡಿ ತೊಳೆದು, ಕೀಲಿಕೈ ನನ್ನ ಟೇಬಲ್ ಮೇಲೆ ಇಟ್ಟರು. ನನಗೆ ಅಳು ಬರಬೇಕಿತ್ತು. ಬರಲಿಲ್ಲ. ಒಳಗೆಲ್ಲ ಜೋಮು ಹಿಡಿದ ಹಾಗಿತ್ತು, ಇವತ್ತಿಗೂ ಅದು ಪೂರ್ತಿ ಬಿಟ್ಟಿಲ್ಲ.

“ನಿನಗ ಯಾವಾಗ ಗೊತ್ತಾತು, ತಂಗಿ?”

“ಎರಡನೇ ವಾರದಾಗ, ಕಾಕಾ.”

ಅವರು ಬುತ್ತಿಯ ಚೀಲ ಹೆಗಲಿಗೆ ಹಾಕಿಕೊಂಡರು.

“ಮೂರನೇ ವಾರದಾಗ ಮಿರಜದಿಂದ ಹಾಲಿನ ಟ್ಯಾಂಕರಿಗೆ ಕರದಿದ್ರು. ಚಲೋ ನೌಕರಿ. ತಂಗಿ ಜೋಡಿ ದಾರಿ ಹಾಕಾಕತ್ತೀನಿ, ಅರ್ಧಕ್ಕ ಬಿಡಾಕ ಆಗೂದಿಲ್ಲ ಅಂತ ಒಲ್ಲೆ ಅಂದೆ.”

“ಕುಂದ್ರಿ, ಕಾಕಾ,” ಎಂದೆ. ಬಸ್ಸು ತಪ್ಪುತ್ತದೆ ಎಂದು ಅವರು ಹೊರಟುಹೋದರು. ಆಮೇಲೆ ನಾನು ಅವರನ್ನು ನೋಡಿಲ್ಲ. ಗಾಡಿ ಈಗಲೂ ಅವರು ಹೇಳಿಕೊಟ್ಟ ದಾರಿಯಲ್ಲೇ ಹೋಗುತ್ತದೆ. ದಾರಿಯ ಹಾಳೆಯ ಮೇಲೆ, ತಯಾರಿಸಿದವರು ಎಂಬಲ್ಲಿ, ನನ್ನ ಹೆಸರಿದೆ.